ಕಾಟಲಿಂಗಪ್ಪ ಮೇಷ್ಟ್ರ ಏಳನೆಯ ಅಧ್ಯಾಯ

ತಾಳ್ಯದ ಸ್ಕೂಲು ಮೇಷ್ಟ್ರು ಕಾಟಲಿಂಗಪ್ಪನವರು ತಮ್ಮ ಜೀವಮಾನದಲ್ಲಿ ಒಂದೇ ಒಂದು ವಿಚಾರ ಮಾಡಿದರು. ಅದೂ ಅವರದಲ್ಲ. ಮೈಸೂರಿನ ನಾರ್ಮಲ್ ಸ್ಕೂಲಿಗೆ ತರಬೇತಿಗೆಂದು ಹೋಗಿದ್ದಾಗ, ಊಟವಾದ ಮೇಲಿನ ಪಾಠದಲ್ಲಿ, ಅರ್ಧ ಕ್ಲಾಸು ತೂಕಡಿಸುತ್ತಿದ್ದ ಹೊತ್ತಿನಲ್ಲಿ ಒಬ್ಬ ಉಪಾಧ್ಯಾಯರು, "ಮಾತಿಲ್ಲದೆ ಯೋಚನೆಯಿಲ್ಲ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು ಅನ್ನುವವರೂ ಇದ್ದಾರೆ" ಅಂದಿದ್ದರು. ಮೊದಲರ್ಧ ಹೇಳುವಾಗ ಮೇಷ್ಟ್ರು ಎಚ್ಚರವಾಗಿದ್ದರು. ಎರಡನೆಯರ್ಧ ಬರುವಷ್ಟರಲ್ಲಿ ಅವರಿಗೂ ಜೊಂಪು ಹತ್ತಿತ್ತು.

ಆ ಅರ್ಧ ವಾಕ್ಯವನ್ನು ಹೊತ್ತುಕೊಂಡು ಅವರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಬಂದರು. ಹುಟ್ಟಿದ್ದು ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯ ಮನೆಯಲ್ಲಿ, ಚಿಕ್ಕಂದಿನಲ್ಲಿ ಉಂಡದ್ದು, ಓದಿದ್ದು ದುರ್ಗದ ಮಠದಲ್ಲಿ. ನೇಗಿಲು ಹಿಡಿದ ಕೈಯಲ್ಲ, ಸಗಣಿ ಮುಟ್ಟಿದ ಕೈಯೂ ಅಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ತಾಳ್ಯದ ಮಟ್ಟಿಗೆ ವಿದ್ಯೆಯಲ್ಲಿ ಇವರೇ ಗೌಡರಾದರು. ಎದುರು ಹೇಳುವವರಿಲ್ಲದ ಕಡೆ ಅರ್ಧ ವಾಕ್ಯ ಪೂರ್ತಿ ಶಾಸ್ತ್ರವಾಗುವುದಕ್ಕೆ ಎಷ್ಟು ಹೊತ್ತು ಬೇಕು?

ಶಾಸ್ತ್ರ ಇಷ್ಟೇ. ಯೋಚನೆ ಅಂದರೆ ಒಳಗೊಳಗೇ ಆಡಿಕೊಳ್ಳುವ ಮಾತು. ಸಾವಿರ ಶಬ್ದ ಬಲ್ಲವನ ತಲೆಯಲ್ಲಿ ಸಾವಿರ ವಿಚಾರ, ನೂರು ಬಲ್ಲವನ ತಲೆಯಲ್ಲಿ ನೂರು, ಏನೂ ಬಾರದವನ ತಲೆಯಲ್ಲಿ ಬರೀ ಗಾಳಿ. ಇದನ್ನು ಸಾಬೀತು ಮಾಡುವುದಕ್ಕೆ ಮೇಷ್ಟ್ರು ಒಂದು ಇಡೀ ದಿನ ಹೆಂಡತಿ ಕೊಟ್ರಮ್ಮನ ಹಿಂದೆ ಸೀಸದಕಡ್ಡಿ ಹಿಡಿದು ತಿರುಗಿ, ಆಕೆ ಆಡಿದ ಮಾತುಗಳನ್ನು ಬರೆದುಕೊಂಡರು. ಸಂಜೆ ನೋಡಿದರೆ ಒಂದು ಹಾಳೆಯೂ ತುಂಬಿರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮೂರು ಎಮ್ಮೆ, ಒಂದು ಕೈತೋಟ, ಒಂದಿಷ್ಟು ಹೊಲ ಮತ್ತು ಒಬ್ಬ ಗಂಡನನ್ನು ಸಂಭಾಳಿಸಿದವಳಿಗೆ ಇಷ್ಟೇ ವಿಚಾರಶಕ್ತಿಯೇ ಅಂತ ಅವರಿಗೆ ಮರುಕ ಬಂತು.

"ಏನ್ರಿ, ನನ್ನ ಹಿಂದೆ ಕುರಿಮರಿ ತಿರುಗಿದಂಗೆ ತಿರುಗ್ತೀರಲ್ಲ, ನಿಮಗೆ ಸ್ಕೂಲಿಲ್ವಾ?" ಅಂದಳು ಕೊಟ್ರಮ್ಮ. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಊರಲ್ಲಿ ಅವರಿಗೆ ಎದುರಾಡುತ್ತಿದ್ದವನು ಕೆಂಚಪ್ಪ ಒಬ್ಬನೇ. ಅವರ ತುಂಡು ಹೊಲವನ್ನು ಅವನೇ ಉತ್ತು ಬಿತ್ತುತ್ತಿದ್ದ, ಹಾಗಾಗಿ ಸ್ವಲ್ಪ ಸಲಿಗೆ. ಒಂದು ದಿನ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೇಳಿದ: "ಮೇಷ್ಟ್ರೇ, ನಿಮ್ಮ ಎಮ್ಮೆ ನನ್ನ ಹೊಲಕ್ಕೆ ನುಗ್ಗೋಕೆ ಮುಂಚೆ ಒಂದು ಸಲ ತಿರುಗಿ ನೋಡ್ತೈತೆ, ನಾನು ಅಲ್ಲಿದೀನೋ ಇಲ್ವೋ ಅಂತ. ಅದು ಯಾವ ಭಾಷೆನಾಗೆ ಯೋಚನೆ ಮಾಡ್ತೈತ್ರಿ?"

"ಅದು ಯೋಚನೆಯಲ್ಲ ಕೆಂಚಪ್ಪ, ಪ್ರಕೃತಿ."

"ಹಂಗಾರೆ ನನ್ನ ಹೊಲ ಮೇಯೋದು ಪ್ರಕೃತಿ ಅನ್ರಿ" ಅಂತ ಕೆಂಚಪ್ಪ ಎದ್ದು ಹೋದ.

ಇನ್ನೂ ಒಂದು ತಮಾಷೆ. ಈ ಶಬ್ದಬ್ರಹ್ಮರಿಗೆ ಮನೆಯಲ್ಲಿ ಒಂದು ಸಾಮಾನಿನ ಹೆಸರೂ ಬೇಕಾದಾಗ ನಾಲಿಗೆಗೆ ಬರುತ್ತಿರಲಿಲ್ಲ. "ಇವಳೇ, ಅದೆಲ್ಲಿ? ಅದೇ, ಅದು!" ಅನ್ನುವರು. ಕೊಟ್ರಮ್ಮ ಮುಖ ನೋಡದೆಯೇ ಕನ್ನಡಕ ತಂದು ಕೈಗಿಡುವಳು. ಇನ್ನೊಂದು ದಿನ ಅದೇ "ಅದು" ನಸ್ಯದ ಡಬ್ಬಿ, ಮತ್ತೊಂದು ದಿನ ಕೊಡೆ. ಶಬ್ದ ಇಲ್ಲದ ಆ ಹೊತ್ತಿನಲ್ಲೂ ಏನು ಬೇಕು ಅನ್ನುವುದು ತಮಗೆ ಚೆನ್ನಾಗಿ ಗೊತ್ತಿತ್ತಲ್ಲ ಅಂತ ಮೇಷ್ಟ್ರಿಗೆ ಒಂದು ಸಲವಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ಸಿದ್ಧಾಂತ ಅನ್ನುವುದು ಹಾಗೇ, ಒಮ್ಮೆ ಮನೆಗೆ ಸೇರಿಕೊಂಡರೆ ಯಜಮಾನನನ್ನೇ ಹೊರಗೆ ಮಲಗಿಸುತ್ತದೆ.

ಆರು ವರ್ಷ ಕೂತು ಅವರು ಒಂದು ಪುಸ್ತಕ ಬರೆದರು. ಹೆಸರು 'ಮನೋವಾಕ್ಸಾರ'. ಆರು ಅಧ್ಯಾಯ ಆದವು. ಆರನೆಯದು ಮುಗಿದ ಮೇಲೆ ಒಂದು ಕೊರತೆ ಕಾಣಿಸಿತು: ಎಲ್ಲ ಬರೀ ವಾದ, ಒಂದು ನಿದರ್ಶನವಿಲ್ಲ. ಮಾತೇ ಇಲ್ಲದ ಒಂದು ಮನುಷ್ಯಪ್ರಾಣಿಯನ್ನು ಹಿಡಿದು ಪರೀಕ್ಷೆ ಮಾಡಿ ತೋರಿಸಿದರೆ ಮೈಸೂರಿನವರು ಮೂಗಿನ ಮೇಲೆ ಬೆರಳಿಡುತ್ತಾರೆ ಅಂತ ಅವರಿಗೆ ಅನ್ನಿಸಿತು. ದೇವರು ಕೆಲವು ಸಲ ಬೇಡಿದ್ದನ್ನು ತಕ್ಷಣ ಕೊಟ್ಟುಬಿಡುತ್ತಾನೆ. ಅದು ಅವನ ಕುಚೋದ್ಯ.

ಊರಲ್ಲಿ ಸಿದ್ದಕ್ಕ ಅಂತ ಒಬ್ಬಳಿದ್ದಳು. ಹುಟ್ಟಿನಿಂದ ಕಿವಿಯಿಲ್ಲ, ಹಾಗಾಗಿ ಮಾತೂ ಇಲ್ಲ. ಮೂವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಅವಳಪ್ಪ ಸಣ್ಣಪ್ಪ ಕಾಲು ಹೋದವನಾಗಿ ಹತ್ತು ವರ್ಷ ಮನೆಯಲ್ಲೇ ಕೂತಿದ್ದ. ಆ ಹತ್ತು ವರ್ಷವೂ ಅವರ ಎರಡು ಹೊಲ, ಒಂದು ಕೆಂಪು ನೆಲದ್ದು, ಒಂದು ಎರೆಮಣ್ಣಿನದು, ಉತ್ತವಳು ಬಿತ್ತಿದವಳು ಸಿದ್ದಕ್ಕನೇ. ಮಳೆ ಹದ ನೋಡಿ ಅವಳು ಯಾವಾಗ ಬಿತ್ತುವ ಕೂರಿಗೆ ಕಟ್ಟುತ್ತಾಳೋ ಅಂತ ಅಕ್ಕಪಕ್ಕದ ಹೊಲದವರು ಕಾಯುತ್ತಿದ್ದರು. ಅವಳು ಕಟ್ಟಿದ ಮಾರನೆಯ ದಿನ ತಾವೂ ಕಟ್ಟುತ್ತಿದ್ದರು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮೂಕಿಯನ್ನು ನೋಡಿ ಬಿತ್ತಿದೆ ಅಂತ ಹೇಳಿಕೊಳ್ಳುವುದು ಗಂಡಸರಿಗೆ ಕಷ್ಟ.

ಸಣ್ಣಪ್ಪ ಸಾಯುವ ಮುಂಚೆ ಎರಡೂ ಹೊಲದ ಖಾತೆ ಮಗಳ ಹೆಸರಿಗೆ ಮಾಡಿಸುವುದಕ್ಕೆ ಅರ್ಜಿ ಕೊಟ್ಟ, ಸಿದ್ದಕ್ಕ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಅವನ ಮಣ್ಣು ಆರುವ ಮುಂಚೆಯೇ ಅವನ ಅಣ್ಣನ ಮಗ ಚಿತ್ತಯ್ಯ ತಕರಾರು ಹಾಕಿದ: ಹುಟ್ಟು ಮೂಕಿಗೆ ಬುದ್ಧಿಯಿಲ್ಲ, ಹೆಬ್ಬೆಟ್ಟು ಯಾಕೆ ಒತ್ತಿದೆ ಅಂತ ಅವಳಿಗೆ ಗೊತ್ತಿಲ್ಲ, ಹೊಲ ವಾರಸುದಾರನಾದ ತನಗೆ ಬರಬೇಕು. ಹೊಳಲ್ಕೆರೆಯ ಅಮಲ್ದಾರರಿಗೆ ತಲೆಬಿಸಿ. ಅವರಿಗೆ ಯಾರೋ ಹೇಳಿದರು, ತಾಳ್ಯದ ಮೇಷ್ಟ್ರು ಇದೇ ವಿಷಯದ ಮೇಲೆ ಪುಸ್ತಕ ಬರೆಯುತ್ತಿದ್ದಾರೆ ಅಂತ. ಪರೀಕ್ಷೆ ಮಾಡಿ ವರದಿ ಕೊಡಿ ಅಂತ ಹುಕುಂ ಬಂತು. ಮೇಷ್ಟ್ರು ಹುಕುಂ ಕಾಗದವನ್ನು ಕಣ್ಣಿಗೊತ್ತಿಕೊಂಡರು.

ಪರೀಕ್ಷೆ ಊರ ಚಾವಡಿಯ ಮುಂದೆ, ಹಾಡಹಗಲಲ್ಲಿ, ಅರ್ಧ ಊರಿನ ಎದುರಿಗೆ ನಡೆಯಿತು. ಮೊದಲು ಮೇಷ್ಟ್ರು ಇಪ್ಪತ್ತು ಪ್ರಶ್ನೆಗಳನ್ನು ಪುಸ್ತಕದ ಕನ್ನಡದಲ್ಲಿ ಓದಿದರು. ಕಿವಿಯಿಲ್ಲದವಳಿಗೆ! ಸಿದ್ದಕ್ಕ ಅವರ ಮೀಸೆ ಮೇಲೆ ಕೆಳಗೆ ಆಡುವುದನ್ನು ನೋಡಿ ನಕ್ಕಳು. ಮೇಷ್ಟ್ರು ಬರೆದುಕೊಂಡರು: 'ನಿಷ್ಕಾರಣ ಹಾಸ್ಯ.' ಆಮೇಲೆ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು. ನಸ್ಯದ ವಾಸನೆಗೆ ಅವಳು ಮುಖ ತಿರುಗಿಸಿದಳು. ಬರೆದುಕೊಂಡರು: 'ವಿದ್ಯೆಯಲ್ಲಿ ವಿಮುಖತೆ.'

ಕೊನೆಗೆ ಅವರ ಮುಖ್ಯ ಪರೀಕ್ಷೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಸುತ್ತು ಬರೆದು, ಏಳು ದೊನ್ನೆಗಳಲ್ಲಿ ಏಳು ತರದ ಕಾಳು ತಂದಿಟ್ಟರು: ರಾಗಿ, ಬಿಳಿಜೋಳ, ಅವರೆ, ತೊಗರಿ, ಕಡಲೆ, ಹುಚ್ಚೆಳ್ಳು, ಕುಸುಬೆ. ದೊನ್ನೆ ತೋರಿಸಿ, ಸುತ್ತು ತೋರಿಸಿ, ವಿಂಗಡಿಸು ಅಂತ ಕೈಸನ್ನೆ ಮಾಡಿದರು. ಅವರ ಪುಸ್ತಕದ ಪ್ರಕಾರ ಉತ್ತರ ಒಂದೇ: ಧಾನ್ಯ ಒಂದು ಸುತ್ತಿಗೆ, ಬೇಳೆಕಾಳು ಒಂದು ಸುತ್ತಿಗೆ, ಎಣ್ಣೆಕಾಳು ಒಂದು ಸುತ್ತಿಗೆ. ಜಾತಿವಾಚಕ ಶಬ್ದ ತಿಳಿಯದವರಿಗೆ ಜಾತಿಯೇ ಕಾಣದು, ಇದು ಅವರ ನಾಲ್ಕನೆಯ ಅಧ್ಯಾಯ.

ಸಿದ್ದಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು. ರಾಗಿ, ಅವರೆ, ತೊಗರಿ, ಹುಚ್ಚೆಳ್ಳು, ಈ ನಾಲ್ಕನ್ನೂ ಒಂದು ಸುತ್ತಿಗಿಟ್ಟಳು. ಬಿಳಿಜೋಳ, ಕಡಲೆ, ಕುಸುಬೆ ಇನ್ನೊಂದಕ್ಕೆ. ಮೂರನೆಯ ಸುತ್ತಿಗೆ ಏನು ಮಾಡುವುದು ಅಂತ ಒಂದು ಗಳಿಗೆ ನೋಡಿ, ಅವರೆ ತೊಗರಿ ದೊನ್ನೆಗಳಿಂದ ಹುಳ ಕೊರೆದ ಕಾಳುಗಳನ್ನು ಆರಿಸಿ ಆರಿಸಿ ಅಲ್ಲಿಗೆ ಹಾಕಿದಳು. ಎದ್ದು ಕೈ ಕೊಡವಿಕೊಂಡು, ಇನ್ನೇನು ಅನ್ನುವ ಹಾಗೆ ಮೇಷ್ಟ್ರ ಮುಖ ನೋಡಿದಳು.

ಮಣ್ಣು ಮುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೆಂಪು ಹೊಲದಲ್ಲಿ ರಾಗಿ ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಾರೆ. ಎರೆ ಹೊಲಕ್ಕೆ ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬೆ. ಹುಳುಕು ಕಾಳು ಬಿತ್ತನೆಗೆ ಬಾರದು, ಕೋಳಿಗೆ. ಅವಳು ಕಾಳನ್ನು ವಿಂಗಡಿಸಿರಲಿಲ್ಲ, ತನ್ನ ಎರಡು ಹೊಲಗಳನ್ನೇ ಎತ್ತಿ ತಂದು ಚಾವಡಿ ಮುಂದೆ ಹರಡಿದ್ದಳು. ಆ ಹೊಲಗಳು ಅವಳಿಗೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅರ್ಜಿ ಯಾವ ವಕೀಲನೂ ಬರೆಯಲಾರ.

ಮೇಷ್ಟ್ರು ತಲೆಯಾಡಿಸಿ ನಿಟ್ಟುಸಿರು ಬಿಟ್ಟರು. "ಧಾನ್ಯದ ಜತೆ ಬೇಳೆ, ಬೇಳೆಯ ಜತೆ ಎಣ್ಣೆಕಾಳು! ಎಲ್ಲ ಕಲಸುಮೇಲೋಗರ."

ಸಿದ್ದಕ್ಕನ ತಾಯಿ ತಿಪ್ಪಕ್ಕ ತಡೆಯಲಾರದೆ ಮುಂದೆ ಬಂದಳು. "ಅಲ್ರೀ ಸ್ವಾಮಿ, ಅವಳು ಹೊಲದ ಪ್ರಕಾರ..."

"ಸುಮ್ಮನಿರಮ್ಮ. ತಾಯಿ ಮಾತು ಸಾಕ್ಷಿಯಾಗಲ್ಲ. ಪರೀಕ್ಷೆಯ ನಡುವೆ ಬಾಯಿ ಹಾಕಬಾರದು."

ತಿಪ್ಪಕ್ಕ ಸುತ್ತ ನಿಂತವರ ಮುಖ ನೋಡಿದಳು. ನಲವತ್ತು ಜನ ಬಾಯಿದ್ದವರು ಅಲ್ಲಿದ್ದರು. ಎಲ್ಲರಿಗೂ ಗೊತ್ತಿತ್ತು. ಒಬ್ಬ ಕೆಮ್ಮಿದ, ಒಬ್ಬ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ, ಕೆಂಚಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಚಿತ್ತಯ್ಯ ಊರ ಪಟೇಲನ ಸೋದರಳಿಯ. ಮೇಷ್ಟ್ರು ಬೇರೆ ಬರೆದುಕೊಳ್ಳುತ್ತಿದ್ದರು. ಸೀಸದಕಡ್ಡಿ ಆಡುತ್ತಿರುವ ಕಡೆ ರೈತ ಬಾಯಿ ಬಿಡುವುದಿಲ್ಲ, ಅದು ಅವನ ಅಪ್ಪ ಕಲಿಸಿದ ಪಾಠ.

ವರದಿ ಹೋಯಿತು. 'ಶಬ್ದವಿಲ್ಲದಲ್ಲಿ ಅರ್ಥವಿಲ್ಲ, ಅರ್ಥವಿಲ್ಲದಲ್ಲಿ ಯೋಚನೆಯಿಲ್ಲ. ಸದರಿ ಸಿದ್ದಕ್ಕನ ಹೆಬ್ಬೆಟ್ಟಿನ ಗುರುತು ಎತ್ತಿನ ಗೊರಸಿನ ಗುರುತಿಗೆ ಸಮಾನ.' ಈ ಕೊನೆಯ ವಾಕ್ಯವನ್ನು ಬರೆದು ಮೇಷ್ಟ್ರು ಮೂರು ಸಲ ಓದಿಕೊಂಡು ಆನಂದಪಟ್ಟರು. ಅದೇ ವರದಿ ಏಳನೆಯ ಅಧ್ಯಾಯವಾಯಿತು, ಪುಸ್ತಕ ಅಚ್ಚಾಯಿತು. ಮೈಸೂರಿನ ದೊಡ್ಡವರೊಬ್ಬರಿಗೆ ಕಳಿಸಿದ ಪ್ರತಿಗೆ ಒಂದು ಕಾರ್ಡು ಬಂತು: 'ಪುಸ್ತಕ ತಲುಪಿತು.' ಮೇಷ್ಟ್ರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರು.

ಹೊಲ ಚಿತ್ತಯ್ಯನಿಗೆ ಹೋಯಿತು. ಮನೆಯೂ ಅದರ ಹಿಂದೆಯೇ ಹೋಯಿತು. ಸಿದ್ದಕ್ಕ ತನ್ನ ಹೊಲದಲ್ಲೇ ಕೂಲಿಗೆ ಕಳೆ ತೆಗೆಯತೊಡಗಿದಳು. ಬಿತ್ತನೆಯ ದಿನ ಮಾತ್ರ ಚಿತ್ತಯ್ಯ ಅವಳನ್ನೇ ಮುಂದೆ ಬಿಡುತ್ತಿದ್ದ, ಬುದ್ಧಿಯಿಲ್ಲದವಳ ಕೈಗೆ ಇಡೀ ವರ್ಷದ ಬೀಜ ಕೊಡುತ್ತಿದ್ದ! ತಿಪ್ಪಕ್ಕ ಎರಡು ಚಳಿಗಾಲ ಅವನ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿ, ಎರಡನೆಯದರಲ್ಲಿ ಕೆಮ್ಮಿ ಕೆಮ್ಮಿ ಸತ್ತಳು. ಮೇಷ್ಟ್ರು ಆವತ್ತು ಸ್ಕೂಲಿಗೆ ಅರ್ಧ ದಿನ ರಜ ಕೊಟ್ಟರು. ಯಾಕೆ ಕೊಟ್ಟೆ ಅಂತ ಅವರಿಗೂ ಸರಿಯಾಗಿ ಗೊತ್ತಾಗಲಿಲ್ಲ.

ಮೂರನೆಯ ವರ್ಷ, ಯುಗಾದಿ ಕಳೆದ ಹೊಸತರಲ್ಲಿ, ಮೇಷ್ಟ್ರು ಪಾಠ ಹೇಳುತ್ತಾ ನಿಂತವರು ವಾಕ್ಯದ ನಡುವೆ ಬಿದ್ದರು. ಲಕ್ವ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಹೊಳಲ್ಕೆರೆಯಿಂದ ಬಂದ ನಾಟಿ ವೈದ್ಯ ಪಾರಿವಾಳದ ರಕ್ತ ತಿಕ್ಕಿದ, ಕಷಾಯ ಕುಡಿಸಿದ. ಒಂದು ತಿಂಗಳ ಮೇಲೆ ನಾಲಿಗೆ ಒಂದಿಷ್ಟು ತಿರುಗಿತು. ಬಂದದ್ದು ಒಂದೇ ಮಾತು: "ಸರಿ."

ಇಪ್ಪತ್ತು ವರ್ಷ ಹುಡುಗರ ಹಲಗೆ ತಿದ್ದಿದ ನಾಲಿಗೆಯಲ್ಲಿ ಅದೊಂದೇ ಉಳಿದಿತ್ತು. ನೀರು ಬೇಕಾದರೂ ಸರಿ, ಬೇಡವಾದರೂ ಸರಿ. ನೊಣ ಮೂಗಿನ ಮೇಲೆ ಕೂತರೆ "ಸರಿ! ಸರಿ!" ಅಂತ ರೇಗುವರು. ಬರೆಯೋಣವೆಂದರೆ ಎಡಗೈ ಗೀಚಿದ್ದು ಕೋಳಿ ಕೆದರಿದ ಹಾಗೆ, ಅದಕ್ಕಿಂತ ಹೆಚ್ಚಾಗಿ ಅಕ್ಷರಗಳೇ ಅವರಿಗೆ ಗುರುತು ಸಿಗದಾಗಿದ್ದವು. ತಮ್ಮದೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರೆ ಇರುವೆ ಸಾಲು ಹೋದಂತೆ ಕಾಣುತ್ತಿತ್ತು.

ಆದರೆ ತಲೆ? ತಲೆ ನೆಟ್ಟಗಿತ್ತು! ಇದೇ ಅವರ ಎದೆ ಒಡೆದದ್ದು. ಮಳೆ ಬರುವ ಹಾಗಿದೆ, ಬೆರಣಿ ಒಳಗಿಡಬೇಕು ಅಂತ ಅವರಿಗೆ ಗೊತ್ತಾಗುತ್ತಿತ್ತು, ಮಾತಿಲ್ಲದೆಯೇ ಗೊತ್ತಾಗುತ್ತಿತ್ತು. ಬದಲಿಗೆ ಬಂದ ಮೇಷ್ಟ್ರು ಹುಡುಗರಿಗೆ ಮಗ್ಗಿ ತಪ್ಪು ಹೇಳಿಕೊಡುವುದು ಕಿಟಕಿಯಿಂದ ಕೇಳಿಸಿದರೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ತಮ್ಮ ತಲೆಯೊಳಗೆ ಯಾರೋ ಮಾತಾಡುತ್ತಿದ್ದಾರೆ, ಅದೇ ವಿಚಾರ ಅಂದುಕೊಂಡಿದ್ದರು. ಈಗ ಆ ವಾಚಾಳಿ ಊರು ಬಿಟ್ಟು ಹೋದ ಮೇಲೆ ನೋಡುತ್ತಾರೆ, ವಿಚಾರ ಎಲ್ಲಿಗೂ ಹೋಗಿಲ್ಲ, ಒಲೆಯ ಹತ್ತಿರ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದೆ.

ನೋಡಲು ಬಂದವರು ಅವರ ಎದುರಿಗೇ ಅವರ ಬಗ್ಗೆ ಮಾತಾಡುತ್ತಿದ್ದರು, ಮರದ ತೊಲೆಯ ಎದುರು ಮಾತಾಡಿದಂತೆ. "ಪಾಪ, ಬುದ್ಧಿ ಪೂರ್ತಿ ಹೋಯ್ತು" ಅನ್ನುವರು. ಶಾನುಭೋಗರು ಒಂದು ಹೆಜ್ಜೆ ಮುಂದೆ ಹೋಗಿ, "ಮಾತು ಹೋದ ಮೇಲೆ ಬುದ್ಧಿ ಎಲ್ಲಿಂದ ಬರಬೇಕು? ಅವರೇ ಬರೆದಿದಾರಲ್ಲ, ಏಳನೇ ಅಧ್ಯಾಯ" ಅಂದರು. ಕಾಟಲಿಂಗಪ್ಪನವರ ಪುಸ್ತಕವನ್ನು ತಾಳ್ಯದಲ್ಲಿ ಒಬ್ಬರಾದರೂ ಓದಿದ್ದರು ಅಂತ ಆವತ್ತು ಗೊತ್ತಾಯಿತು.

ಕೊಟ್ರಮ್ಮ ಮಾತ್ರ ಅವರನ್ನು ಮುಂಚಿನಂತೆಯೇ ಬೈಯುತ್ತಿದ್ದಳು. "ಎಡಗೈ ನೆಟ್ಟಗೈತಲ್ಲ, ಗಂಜಿ ನೀವೇ ಕುಡೀರಿ. ನನಗೇನು ನಾಲ್ಕು ಕೈ ಐತಾ, ಎಮ್ಮೇನೂ ನೋಡಿ ನಿಮ್ಮನ್ನೂ ನೋಡೋಕೆ?" ಆ ಬೈಗುಳ ಕೇಳಿದಾಗ ಮಾತ್ರ ಮೇಷ್ಟ್ರಿಗೆ ತಾನಿನ್ನೂ ಮನುಷ್ಯ ಜಾತಿಯಲ್ಲಿದ್ದೇನೆ ಅನ್ನಿಸುತ್ತಿತ್ತು.

ಮುಂಗಾರು ಹಿಡಿಯಿತು. ಒಂದು ಬೆಳಿಗ್ಗೆ ಕೆಂಚಪ್ಪ ಬಿತ್ತನೆಗೆ ಬೀಜ ಒಯ್ಯಲು ಬಂದ. ಕೊಟ್ರಮ್ಮ ಅಟ್ಟದಿಂದ ಗಡಿಗೆಗಳನ್ನಿಳಿಸಿ ಜಗಲಿಯ ಮೇಲೆ, ಗಂಡನ ಕಣ್ಣೆದುರಿಗೇ ಇಟ್ಟಳು. ರಾಗಿ ಗಂಟು ಪುಟ್ಟಿಗೆ ಹಾಕಿದಳು. ಅದರ ಜತೆಗೆ ಅವರೆ. ಅದರ ಜತೆಗೆ ತೊಗರಿ. ಹುಚ್ಚೆಳ್ಳು. ಜೋಳ, ಕಡಲೆ, ಕುಸುಬೆ ಗಡಿಗೆಗಳನ್ನು ಪಕ್ಕಕ್ಕೆ ಸರಿಸಿ, "ಇವು ಹಿಂಗಾರಿಗೆ" ಅಂದಳು. ಆಮೇಲೆ ಮೊರದಲ್ಲಿ ಅವರೆ ಸುರಿದು ಹುಳುಕು ಆರಿಸಿ ಕೋಳಿಗೆ ಎಸೆದಳು.

ಇಪ್ಪತ್ತು ವರ್ಷ ಈ ಕೆಲಸ ಅದೇ ಜಗಲಿಯ ಮೇಲೆ ನಡೆದಿತ್ತು. ಮೇಷ್ಟ್ರು ಇಪ್ಪತ್ತು ವರ್ಷವೂ ಅಲ್ಲೇ ಕೂತು ಪುಸ್ತಕ ಓದುತ್ತಿದ್ದರು.

"ಸರಿ!" ಅಂತ ಅವರು ಕಿರುಚಿದ ರಭಸಕ್ಕೆ ಕೆಂಚಪ್ಪನ ಕೈಯಿಂದ ಪುಟ್ಟಿ ಬಿತ್ತು. "ಸರಿ! ಸರಿ! ಸರಿ!" ಎಡಗೈಯಿಂದ ಪುಟ್ಟಿ ತೋರಿಸಿದರು, ಕೋಳಿ ತೋರಿಸಿದರು, ಚಿತ್ತಯ್ಯನ ಮನೆಯ ದಿಕ್ಕಿಗೆ ಕೈ ಚಾಚಿದರು, ಕಣ್ಣಿಂದ ದಳದಳ ನೀರು ಸುರಿಯಿತು. ಮೂರು ವರ್ಷದ ಹಿಂದೆ ಚಾವಡಿಯ ಮುಂದೆ ಆ ಹೆಣ್ಣುಮಗಳು ಏನು ಹೇಳಿದ್ದಳು ಅಂತ ಅವರಿಗೆ ಈಗ ತಿಳಿಯಿತು. ತಿಪ್ಪಕ್ಕನ ಬಾಯಿ ಮುಚ್ಚಿಸಿದ್ದೂ ನೆನಪಿಗೆ ಬಂತು. ನಾಚಿಕೆಯೆಂದರೆ ಏನೆಂದು ತಮ್ಮ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಲಕ್ಷಣ ಕೊಟ್ಟಿದ್ದರು. ಅನುಭವಿಸಿದ್ದು ಈಗ.

ಅವರು ಹೇಳುವುದೇನೆಂದು ಕೊಟ್ರಮ್ಮನಿಗೆ ಅರ್ಥವಾಗಲು ಮೂರು ದಿನ ಹಿಡಿಯಿತು. ಮೊದಲು ನೀರು ತಂದಳು, ಆಮೇಲೆ ಭಸ್ಮ ಹಚ್ಚಿದಳು. ಮೂರನೆಯ ದಿನ ಮೇಷ್ಟ್ರು ಪುಸ್ತಕ ತೆಗೆದು, ಕೊನೆಯ ಹಾಳೆಗಳನ್ನು ಹಲ್ಲಲ್ಲಿ ಕಚ್ಚಿ ಹರಿದು ಅವಳ ಕಾಲ ಮುಂದೆ ಹಾಕಿದಾಗ ಅವಳು ಮೆಲ್ಲಗೆ ಕೂತುಕೊಂಡಳು.

"ಸಿದ್ದಕ್ಕಂದಾ?" ಅಂದಳು.

ಮೇಷ್ಟ್ರು ಎಳೆಮಗುವಿನಂತೆ ಅತ್ತರು.

"ಆವತ್ತೇ ನಾನು ಹೇಳಬೇಕಿತ್ತು ನೋಡ್ರಿ. ನಾನೂ ಅಲ್ಲಿದ್ದೆ. ನಿಮ್ಮ ಮರ್ಯಾದೆ ಹೋಗುತ್ತಲ್ಲ ಅಂತ ಸುಮ್ನಾದೆ" ಅಂದಳು ಕೊಟ್ರಮ್ಮ.

ಶ್ರಾವಣದಲ್ಲಿ ಅಮಲ್ದಾರರ ಕ್ಯಾಂಪು ತಾಳ್ಯಕ್ಕೆ ಬಂತು. ಹಳೆಯವರು ವರ್ಗವಾಗಿ ಹೊಸಬರು ಬಂದಿದ್ದರು, ಬಿ.ಎ. ಓದಿದವರು. ಕೊಟ್ರಮ್ಮ ಗಂಡನನ್ನು ಕೆಂಚಪ್ಪನ ಗಾಡಿಯಲ್ಲಿ ಹಾಕಿಕೊಂಡು ಚಾವಡಿಗೆ ತಂದಳು. "ಸ್ವಾಮಿ, ಇವ್ರು ಮೂರು ವರ್ಷದ ಹಿಂದೆ ಕೊಟ್ಟ ವರದಿ ತಪ್ಪು ಅಂತ ಹೇಳೋಕೆ ಬಂದವ್ರೆ. ಸಿದ್ದಕ್ಕನ ಹೊಲ ಸಿದ್ದಕ್ಕಂಗೆ ಆಗಬೇಕು" ಅಂದಳು.

ಚಿತ್ತಯ್ಯ ನಕ್ಕ. ಶಾನುಭೋಗರು ಹಳೆಯ ವರದಿಯನ್ನು ಓದಿ ಹೇಳಿದರು. ಅಮಲ್ದಾರರು ಮೇಷ್ಟ್ರ ಕಡೆ ಬಗ್ಗಿ ಕೇಳಿದರು: "ನೀವು ಬರೆದದ್ದು ಈಗಲೂ ಸರಿಯೇನ್ರಿ?"

ತಲೆಯನ್ನು ಅಡ್ಡಡ್ಡ ಆಡಿಸುತ್ತಾ, ಎಡಗೈ ಬೀಸುತ್ತಾ, ಕತ್ತಿನ ನರ ಉಬ್ಬಿಸಿಕೊಂಡು ಮೇಷ್ಟ್ರು ಕೂಗಿದರು: "ಸರಿ! ಸರಿ! ಸರಿ!"

"ಬರಕೊಳ್ಳಿ. ಖುದ್ದು ಒಪ್ಪಿದ್ದಾರೆ" ಅಂದರು ಅಮಲ್ದಾರರು.

"ಅಯ್ಯೋ, ಇನ್ನೊಂದು ತರ ಕೇಳ್ರಿ ಸ್ವಾಮಿ! ತಪ್ಪಾ ಅಂತ ಕೇಳ್ರಿ" ಅಂದಳು ಕೊಟ್ರಮ್ಮ.

ಕೇಳಿದರು. ಅದಕ್ಕೂ "ಸರಿ" ಅಂತಲೇ ಉತ್ತರ ಬಂತು. ಚಾವಡಿ ಪೂರ್ತಿ ನಕ್ಕಿತು.

ಶಾನುಭೋಗರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡರು. "ಸ್ವಾಮಿ, ಇದರಲ್ಲಿ ಒಂದು ತೊಡಕಿದೆ. ಇವರ ಪುಸ್ತಕ ನಿಜವಾದರೆ, ಮಾತಿಲ್ಲದ ಇವರಿಗೆ ಬುದ್ಧಿಯಿಲ್ಲ. ಬುದ್ಧಿಯಿಲ್ಲದವರು ಪುಸ್ತಕ ಸುಳ್ಳು ಅಂದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಪುಸ್ತಕ ನಿಜ." ಅಮಲ್ದಾರರಿಗೆ ಈ ತರ್ಕ ಬಹಳ ಹಿಡಿಸಿತು. ಮೇಷ್ಟ್ರಿಗೂ ಒಂದು ಕಾಲದಲ್ಲಿ ಬಹಳ ಹಿಡಿಸುತ್ತಿತ್ತು. ಈಗ ಅವರು ತಾವೇ ಕಟ್ಟಿದ ಕೋಣೆಯೊಳಗೆ ಕೂತು, ಹೊರಗಿನಿಂದ ಚಿಲಕ ಹಾಕುವ ಸದ್ದು ಕೇಳುತ್ತಿದ್ದರು.

ಆಗ ಕೆಂಚಪ್ಪ ಎದ್ದು ನಿಂತ. ಧೈರ್ಯ ಬಂದು ಎದ್ದ ಅಂತ ಹೇಳುವ ಆಸೆ ನನಗೂ ಇದೆ. ನಿಜ ಬೇರೆ. ಆ ವರ್ಷ ಚಿತ್ತಯ್ಯ ತನ್ನ ಬದುವಿಗೆ ಮುಳ್ಳು ಹಾಕಿ, ಕೆಂಚಪ್ಪನ ಗಾಡಿ ಹೋಗುವ ದಾರಿ ಕಟ್ಟಿದ್ದ. ತಾಳ್ಯದಲ್ಲಿ ಸತ್ಯ ಹೊರಗೆ ಬರಬೇಕಾದರೆ ಮೊದಲು ಯಾರದಾದರೂ ದಾರಿ ಕಟ್ಟಬೇಕು.

"ಸ್ವಾಮಿ, ಮೂರು ವರ್ಷದ ಹಿಂದೆ ನಾವೆಲ್ಲ ಇಲ್ಲೇ ಇದ್ವಿ. ಆ ಹುಡುಗಿ ಕಾಳು ಜೋಡಿಸಿದ್ದು ಹೊಲದ ಪ್ರಕಾರ. ಅದು ಸರಿಯಾಗೇ ಇತ್ತು. ಮೇಷ್ಟ್ರಿಗೆ ಬಿತ್ತನೆ ಗೊತ್ತಿರಲಿಲ್ಲ, ಅಷ್ಟೆ."

"ಗೊತ್ತಿದ್ದು ಯಾಕೆ ಹೇಳಲಿಲ್ಲ?"

"ಅವರು ಬರಕೊಳ್ತಾ ಇದ್ರು ಸ್ವಾಮಿ."

ಅಮಲ್ದಾರರು ಎದ್ದು ಅತ್ತಿತ್ತ ಓಡಾಡಿದರು. ಕಡೆಗೆ ಏಳು ದೊನ್ನೆ ಕಾಳು ತರಿಸಿ, ಮೂರು ಸುತ್ತು ಬರೆಸಿ, ಮೇಷ್ಟ್ರ ಎದುರಿಗೇ ಇಡಿಸಿದರು. ಮಾತಿಲ್ಲದವರಿಗೆ ಬುದ್ಧಿಯಿದೆಯೋ ಇಲ್ಲವೋ, ಮೊದಲು ಇವರಲ್ಲೇ ನೋಡೋಣ ಅಂತ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಸಿದ್ದಕ್ಕನನ್ನೂ ಕರೆಸಿದರು. ಅವಳು ಕೈ ಮಣ್ಣಿನಲ್ಲೇ ಬಂದು ಕಂಬದ ಪಕ್ಕ ನಿಂತಳು.

ಮೇಷ್ಟ್ರು ನೆಲದ ಮೇಲೆ ತೆವಳಿದರು. ಎಡಗೈಯಲ್ಲಿ ರಾಗಿ ದೊನ್ನೆ ಸರಿಸಿದರು. ಅವರೆ ಸರಿಸಿದರು. ತೊಗರಿ, ಹುಚ್ಚೆಳ್ಳು. ಆಮೇಲೆ ಕುಸುಬೆಯನ್ನೂ ಅದೇ ಸುತ್ತಿಗೆ ತಳ್ಳಿದರು. ಸಿದ್ದಕ್ಕ ನಾಲಿಗೆ ಲೊಚಗುಟ್ಟಿ, ಬಂದು ಕೂತು, ಅವರ ಕೈ ಸರಿಸಿ, ಕುಸುಬೆಯನ್ನೆತ್ತಿ ಜೋಳದ ಪಕ್ಕಕ್ಕಿಟ್ಟಳು. ಕಡಲೆಯನ್ನೂ ಅ‌ಲ್ಲೇ ಇಟ್ಟಳು. ಆಮೇಲೆ ಹುಳುಕು ಆರಿಸತೊಡಗಿದಳು. ಸುತ್ತ ನಿಂತಿದ್ದ ರೈತರು ಈ ಸಲ "ಹೂಂ, ಹಂಗೇ" ಅಂತ ಗೊಣಗಿದರು. ಒಬ್ಬರ ಬಾಯಿ ತೆರೆದಿದ್ದನ್ನು ನೋಡಿ ಮಿಕ್ಕವರ ಬಾಯಿಗೂ ಬಲ ಬಂದಿತ್ತು. ಚಿತ್ತಯ್ಯನ ಆಳೇ ಹೇಳಿಬಿಟ್ಟ: "ನಮ್ಮ ಧಣೀರು ಬಿತ್ತೋ ದಿನಾನ ಅವಳನ್ನೇ ಕೇಳ್ತಾರೆ ಸ್ವಾಮಿ."

ಅಮಲ್ದಾರರು ಹುಕುಂ ಬರೆಸಿದರು. ಹಳೆಯ ವರದಿ ರದ್ದು, ಖಾತೆ ಸಿದ್ದಕ್ಕನ ಹೆಸರಿಗೆ. ಶಾನುಭೋಗರು ಸೀಸೆಯಿಂದ ಮಸಿ ತೆಗೆದು ಅವಳ ಹೆಬ್ಬೆಟ್ಟಿಗೆ ಹಚ್ಚುವಾಗ ಅವಳು ಮೊದಲು ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಕಾಗದದ ಮೇಲೆ ಎಲ್ಲಿ ಒತ್ತಬೇಕು ಅಂತ ತಾನೇ ಬೆರಳಿಟ್ಟು ತೋರಿಸಿದಳು.

ಎಲ್ಲ ಮುಗಿದು ಜನ ಚದುರುತ್ತಿದ್ದಾಗ ಮೇಷ್ಟ್ರು ಗಾಡಿಗೆ ಹತ್ತಲು ಒಪ್ಪಲಿಲ್ಲ. ನೆಲದ ಮೇಲೆ ಕೂತಲ್ಲಿಂದಲೇ ಸಿದ್ದಕ್ಕನ ಕಡೆಗೆ ಎಡಗೈ ಚಾಚಿದರು. ಆ ಕೈಯಲ್ಲಿ ಮೂರು ವರ್ಷದ ಎಲ್ಲವೂ ಇತ್ತು, ಕೇಳಬೇಕಾದ ಕ್ಷಮೆಯೆಲ್ಲ ಇತ್ತು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ಬಾಯಿಯ ಒಂದು ಬದಿಯಿಂದ ಜೊಲ್ಲೂ ಇಳಿಯುತ್ತಿತ್ತು. ಮಾತು ಹೊರಡದಿದ್ದರೂ ಅವರು ಕೇಳಿದ್ದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಅವಳಿಗಂತೂ ತಿಳಿಯಿತು.

ಸಿದ್ದಕ್ಕ ಬಂದು ಎದುರಿಗೆ ಕೂತಳು. ಊರಾಚೆ, ತಿಪ್ಪಕ್ಕನನ್ನು ಮಣ್ಣು ಮಾಡಿದ ದಿಬ್ಬದ ಕಡೆಗೆ ಕೈ ತೋರಿಸಿದಳು. ಎದೆಯ ಮೇಲೆ ಕೈಯಿಟ್ಟು ಎರಡು ಸಲ ಕೆಮ್ಮಿ ತೋರಿಸಿದಳು. ಆಮೇಲೆ ತಲೆಯನ್ನು ನಿಧಾನವಾಗಿ ಅಡ್ಡಡ್ಡ ಆಡಿಸಿದಳು. ಇಲ್ಲ.

ಹೇಳಬೇಕಾದ್ದು ಹೇಳಿಯಾದ ಮೇಲೆ ತನ್ನ ಸೆರಗಿನ ತುದಿಯಿಂದ ಅವರ ಬಾಯಿಯ ಜೊಲ್ಲನ್ನು ಒರೆಸಿದಳು. ಎದ್ದಳು. ಬಿಸಿಲು ಇನ್ನೂ ಇತ್ತು, ಕಳೆ ಅರ್ಧಕ್ಕೆ ಬಿಟ್ಟು ಬಂದಿದ್ದಳು, ಬಿರಬಿರನೆ ಹೊಲದ ದಾರಿ ಹಿಡಿದಳು.

ಕೊಟ್ರಮ್ಮ ಹಾಗೂ ಕೆಂಚಪ್ಪ ಮೇಷ್ಟ್ರನ್ನು ಎತ್ತಿ ಗಾಡಿಯಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಅವರು ಹೊಲಗಳ ಕಡೆಗೇ ಮುಖ ಮಾಡಿಕೊಂಡಿದ್ದರು.

"ಹೊಲ ಬಂತಲ್ಲ ಅವಳಿಗೆ, ಇನ್ನು ಸಮಾಧಾನ ಆಯ್ತೇನ್ರಿ?" ಅಂತ ಕೊಟ್ರಮ್ಮ ಕೇಳಿದಳು.

ಬಾಯಲ್ಲಿ ಉಳಿದಿದ್ದ ಆ ಒಂದು ಮಾತನ್ನೂ ಕಾಟಲಿಂಗಪ್ಪನವರು ಆಡಲಿಲ್ಲ.